ಉಪ್ಪಿನಕಾಯಿ ಮಾರಿದ್ದಕ್ಕೆ ನೋಟಿಸ್: ಕುಲಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕುಲಸಚಿವರಿಗೆ, ಕುಲಪತಿಗಳಿಗೆ ಮತ್ತು ಸಿಂಡಿಕೇಟಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಈ ಪತ್ರವನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಬಹುದಿತ್ತು. ಅದನ್ನೂ ಮಾಡಿ ನೋಡಿದೆ. ಎರಡು ವರ್ಷದ ಹಿಂದೆ ಕೊಟ್ಟ ಅರ್ಜಿಗೆ ಇವತ್ತಿನವರೆಗೂ ಉತ್ತರ ಬಂದಿಲ್ಲ. ಆದರೆ ಹೋದ ತಿಂಗಳು ನನಗೆ ಕಾರಣ ಕೇಳಿ ನೋಟಿಸ್ ಬಂತು, ಅದರ ಜೊತೆ ಸಾಕ್ಷಿ ಅಂತ ಲಗತ್ತಿಸಿದ್ದು ನಾನೇ ಕೊಟ್ಟ ಆ ಅರ್ಜಿಯ ಜೆರಾಕ್ಸ್! ಹಾಗಾಗಿ ಈ ಸಲ ಎಲ್ಲರೂ ಓದಲಿ ಅಂತ ಹೊರಗೇ ಬರೆಯುತ್ತಿದ್ದೇನೆ.

ಯಾವ ವಿಶ್ವವಿದ್ಯಾಲಯ, ಯಾವ ವಿಭಾಗ, ನನ್ನ ಹೆಸರೇನು ಅಂತ ಬರೆಯುವುದಿಲ್ಲ. ಆಡಳಿತವನ್ನು ಬಹಿರಂಗವಾಗಿ ಟೀಕಿಸಬಾರದು ಅಂತ ನಡತೆ ನಿಯಮದಲ್ಲಿ ಇನ್ನೊಂದು ಕಲಂ ಇದೆ, ಒಂದೇ ವರ್ಷದಲ್ಲಿ ಎರಡು ನೋಟಿಸಿಗೆ ಉತ್ತರ ಬರೆಯುವ ತಾಳ್ಮೆ ನನಗಿಲ್ಲ. ಮಲೆನಾಡಿನ ಕಡೆಯವಳು ಅಂತ ಇಟ್ಟುಕೊಳ್ಳಿ. 2008ರಲ್ಲಿ ಎಸ್‌ಡಿಎ, ಅಂದರೆ ದ್ವಿತೀಯ ದರ್ಜೆ ಸಹಾಯಕಿ ಆಗಿ ಸೇರಿದೆ, ಈಗ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕಿ. ಬೋಧಕೇತರ ಸಿಬ್ಬಂದಿ ಅಂತ ನೀವು ಕರೆಯುವ ಗುಂಪಿನವಳು. ಈ ಹೆಸರೇ ನನಗೆ ಒಂಥರಾ ಅನ್ನಿಸುತ್ತದೆ, ಏನಲ್ಲ ಅನ್ನುವುದನ್ನು ಹೇಳಿ ನಮ್ಮನ್ನು ಗುರುತಿಸುತ್ತಾರೆ. ಇರಲಿ.

ನನ್ನ ತಪ್ಪು ಏನು ಅಂತ ಮೊದಲು ಹೇಳುತ್ತೇನೆ. ಉಪ್ಪಿನಕಾಯಿ ಹಾಕಿ ಮಾರಿದೆ.

ನನ್ನ ತವರು ಹೊಸನಗರ ತಾಲ್ಲೂಕು, ರಿಪ್ಪನ್‌ಪೇಟೆಯಿಂದ ಒಳಗೆ ಒಂದು ಹಳ್ಳಿ. ನಮ್ಮ ಕಡೆ ಹೊಳೆ ದಂಡೆಯಲ್ಲಿ ಅಪ್ಪೆಮಿಡಿ ಮರಗಳು ಇರುತ್ತವೆ, ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಿನಕಾಯಿ ಅದು. ಮಿಡಿ ಕೊಯ್ಯುವುದು ಸುಮ್ನೆ ಮಾತಲ್ಲ. ಎತ್ತರದ ಮರ ಹತ್ತಬೇಕು, ಗೊಂಚಲು ಕೆಳಗೆ ಬೀಳದ ಹಾಗೆ ಹಗ್ಗ ಕಟ್ಟಿ ಇಳಿಸಬೇಕು, ತೊಟ್ಟು ಮುರಿಯಬಾರದು, ಮುರಿದರೆ ಸೊನೆ ಸೋರಿ ಪರಿಮಳವೇ ಹೋಗುತ್ತದೆ. ರಿಪ್ಪನ್‌ಪೇಟೆಯಲ್ಲಿ ಮಿಡಿಯನ್ನು ಎಣಿಸಿ ಮಾರುತ್ತಾರೆ, ನೂರಕ್ಕಿಷ್ಟು ಸಾವಿರಕ್ಕಿಷ್ಟು ಅಂತ. ಅನಂತಭಟ್ಟನ ಅಪ್ಪೆ ಅಂದರೆ ಒಂದು ರೇಟು, ಜೀರಿಗೆ ಮಿಡಿ ಅಂದರೆ ಇನ್ನೊಂದು ರೇಟು. ತಂದು ತೊಳೆದು ಒರೆಸಿ ಭರಣಿಯಲ್ಲಿ ಕಲ್ಲುಪ್ಪಿನ ಜೊತೆ ಪದರ ಪದರವಾಗಿ ಹಾಕಿಟ್ಟರೆ ಮಿಡಿ ಚಿರುಟುತ್ತದೆ, ಆಮೇಲೆ ಅದೇ ಉಪ್ಪುನೀರಲ್ಲಿ ಸಾಸಿವೆ, ಮೆಣಸು, ಅರಿಶಿನ ರುಬ್ಬಿ ಕಲಸುವುದು. ನನ್ನ ಅಮ್ಮ ಮಾಡುತ್ತಿದ್ದರು, ಈಗ ಅವರಿಗೆ ಮಂಡಿ ನೋವು, ಭರಣಿ ಎತ್ತಲಾಗುವುದಿಲ್ಲ. ನಾನು ಶಿವಮೊಗ್ಗದ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಮಾಡುತ್ತೇನೆ. ಎರಡನೇ ಶನಿವಾರ, ನಾಲ್ಕನೇ ಶನಿವಾರ, ಭಾನುವಾರ. 2019ರಲ್ಲಿ ಸರ್ಕಾರ ನಾಲ್ಕನೇ ಶನಿವಾರ ರಜೆ ಕೊಟ್ಟು ಅದರ ಬದಲಿಗೆ ನಮ್ಮ ಸಿ.ಎಲ್. (ಸಾಂದರ್ಭಿಕ ರಜೆ) ಅನ್ನು ವರ್ಷಕ್ಕೆ 15ರಿಂದ 10ಕ್ಕೆ ಇಳಿಸಿತಲ್ಲ, ಆ ಶನಿವಾರಕ್ಕೆ ನಾನು ಬೆಲೆ ಕೊಟ್ಟಿದ್ದೇನೆ ಅಂತಲೇ ನನ್ನ ಲೆಕ್ಕ.

ಮೊದಲು ಪಕ್ಕದ ಟೇಬಲ್ಲಿನ ಅಕ್ಕನಿಗೆ ಒಂದು ಡಬ್ಬಿ ಕೊಟ್ಟಿದ್ದು. ಅವರು ತಂಗಿಗೆ ಬೇಕು ಅಂದರು. ತಂಗಿ ಬೆಂಗಳೂರಲ್ಲಿದ್ದಾರೆ, ಅವರ ಅಪಾರ್ಟ್‌ಮೆಂಟಿನವರಿಗೆ ಬೇಕು ಅಂದರು. ಮೂರನೇ ವರ್ಷಕ್ಕೆ ಅರ್ಧ ಕೆ.ಜಿ.ಯ ಬಾಟಲಿ 200 ದಾಟಿತು. ಖರ್ಚೆಲ್ಲ ಕಳೆದು ಆ ವರ್ಷ ಉಳಿದಿದ್ದು 38 ಸಾವಿರ ರೂಪಾಯಿ. ಮಗನ ಪಿಯುಸಿ ಫೀಸಿನ ಒಂದು ಕಂತು ಅಷ್ಟೇ.

ಇಲ್ಲೇ ನಾನು ದೊಡ್ಡ ದಡ್ಡ ಕೆಲಸ ಮಾಡಿದೆ. ನಿಯಮ ಪಾಲಿಸಿದೆ.

ಆಹಾರ ಮಾರುವವರು ಎಷ್ಟು ಸಣ್ಣವರಾದರೂ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಬೇಕು. ನಾನು ಮಾಡಿಸಿದಾಗ ಸಣ್ಣ ವಹಿವಾಟಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು. ನಾನು ಲೆಕ್ಕಪತ್ರ ವಿಭಾಗದಲ್ಲಿ ಇದ್ದವಳು, ಬಿಲ್ಲು ಸರಿ ಇಲ್ಲದಿದ್ದರೆ ಪ್ರೊಫೆಸರ್ ಆದರೂ ವಾಪಸ್ ಕಳಿಸಿದವಳು, ನನಗೆ ನೋಂದಣಿ ಇಲ್ಲದೆ ಮಾರುವುದು ಸರಿ ಅನ್ನಿಸಲಿಲ್ಲ. ನನ್ನ ಹೆಸರಲ್ಲೇ ಮಾಡಿಸಿದೆ. ಬಾಟಲಿ ಮೇಲೆ ನಂಬರ್ ಹಾಕಿದೆ. ಆಮೇಲೆ ಸುಮ್ಮನೆ ಇರಲಾರದೆ ಕುಲಸಚಿವರಿಗೆ ಒಂದು ಅರ್ಜಿ ಬರೆದೆ: ಕಚೇರಿ ವೇಳೆ ಬಿಟ್ಟು, ರಜಾ ದಿನಗಳಲ್ಲಿ, ಮನೆಯಲ್ಲಿ ಇಂಥ ಕೆಲಸ ಮಾಡುತ್ತಿದ್ದೇನೆ, ದಯವಿಟ್ಟು ಅನುಮತಿ ಕೊಡಿ, ಕೊಡುವುದಿಲ್ಲ ಅಂದರೆ ಹಾಗಂತ ಹೇಳಿ, ನಿಲ್ಲಿಸುತ್ತೇನೆ.

ಆ ಅರ್ಜಿ ಎಲ್ಲೆಲ್ಲಿ ಓಡಾಡಿತು ಅಂತ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಫೈಲು ಓಡಾಡಿಸುವವರೆಲ್ಲ ನನ್ನ ಜೊತೆ ಬಸ್ಸಲ್ಲಿ ಬರುವವರೇ. ಟಪಾಲಿನಿಂದ ಆಡಳಿತ ವಿಭಾಗಕ್ಕೆ ಹೋಯಿತು. ಅಲ್ಲಿನ ವಿಷಯ ನಿರ್ವಾಹಕರು ಇಂಥದ್ದಕ್ಕೆ ಹಿಂದಿನ ಫೈಲು ಯಾವುದೂ ಇಲ್ಲ ಅಂತ ಟಿಪ್ಪಣಿ ಬರೆದರು. ಅಧೀಕ್ಷಕರು 'ಚರ್ಚಿಸಿ' ಅಂತ ಬರೆದರು. ಯಾರ ಜೊತೆ ಯಾರು ಚರ್ಚಿಸಬೇಕು ಅಂತ ಬರೆಯಲಿಲ್ಲ. ಅಲ್ಲಿಂದ ಕಾನೂನು ಕೋಶಕ್ಕೆ ಹೋಯಿತು, ಕಾನೂನು ಕೋಶದವರು ಇದು ನೀತಿಯ ವಿಷಯ ಅಂದರು. ಮತ್ತೆ ಆಡಳಿತ ವಿಭಾಗಕ್ಕೆ ಬಂತು. ಹದಿನಾಲ್ಕು ತಿಂಗಳಾದ ಮೇಲೆ ನಾನೇ ಹೋಗಿ ಕೇಳಿದೆ. 'ಇದಕ್ಕೆ ಫಾರಂ ಇಲ್ವಲ್ಲ ಮೇಡಂ' ಅಂದರು. ಊರಿನವರಿಗೆ ಜಾತಿ ಪ್ರಮಾಣಪತ್ರ ಕೊಡಲು 2011ರ ಸಕಾಲ ಕಾಯ್ದೆಯಲ್ಲಿ ಗಡುವಿದೆ, ತಡವಾದರೆ ಮೇಲ್ಮನವಿ ಇದೆ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕೊಟ್ಟು ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಆದರೆ ಸ್ವಂತ ನೌಕರಳು 'ಮಾಡಲಾ ಬೇಡವಾ' ಅಂತ ಕೇಳಿದರೆ ಉತ್ತರಕ್ಕೆ ಗಡುವೇ ಇಲ್ಲ.

ಈಗ ನೋಟಿಸ್ ವಿಷಯಕ್ಕೆ ಬರುತ್ತೇನೆ. 'ಖಾಸಗಿ ವ್ಯಾಪಾರದಲ್ಲಿ ತೊಡಗಿರುವುದು ತಾವೇ ಸಲ್ಲಿಸಿದ ಮನವಿಯಿಂದ ಸ್ಪಷ್ಟವಾಗಿ ಕಂಡುಬರುತ್ತದೆ' ಅಂತ ಬರೆದಿದ್ದೀರಿ. ಹೌದು, ಕಂಡುಬರುತ್ತದೆ. ಕಾಣಲಿ ಅಂತಲೇ ಕೊಟ್ಟಿದ್ದು.

ನಿಯಮ ನಾನೂ ಓದಿದ್ದೇನೆ. ಸರ್ಕಾರಿ ನೌಕರರ ನಡತೆ ನಿಯಮಗಳನ್ನೇ ನಮಗೂ ಹಚ್ಚುತ್ತೀರಿ. ಮೊದಲು 1966ರದ್ದು ಇತ್ತು, ಈಗ 2021ರದ್ದು ಬಂದಿದೆ. ಇಂಥ ನಿಯಮಗಳ ತಿರುಳು ಎಲ್ಲ ಕಡೆ ಒಂದೇ. ಪೂರ್ವಾನುಮತಿ ಇಲ್ಲದೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ವ್ಯಾಪಾರ ಮಾಡುವಂತಿಲ್ಲ, ಬೇರೆ ನೌಕರಿ ಹಿಡಿಯುವಂತಿಲ್ಲ. ಅದೇ ಉಸಿರಲ್ಲಿ ವಿನಾಯಿತಿಯೂ ಇರುತ್ತದೆ, ಸಮಾಜಸೇವೆಯ ಕೆಲಸ, ಆಗಾಗ ಮಾಡುವ ಸಾಹಿತ್ಯ, ಕಲೆ, ವಿಜ್ಞಾನದ ಕೆಲಸ ಕಚೇರಿ ಕೆಲಸಕ್ಕೆ ತೊಂದರೆ ಆಗದಿದ್ದರೆ ಮಾಡಬಹುದು ಅಂತ. ದಯವಿಟ್ಟು 'ಪೂರ್ವಾನುಮತಿ' ಅನ್ನುವ ಪದ ಗಮನಿಸಿ. ನಿಯಮ ಮಾಡಿದವರು ಬೇಡವೇ ಬೇಡ ಅಂದಿಲ್ಲ, ಕೇಳಿ ಮಾಡಿ ಅಂದಿದ್ದಾರೆ. ಕೇಳುವವರು ಇದ್ದರೆ ಹೇಳುವವರೂ ಇರಬೇಕಲ್ವಾ? ನಮ್ಮಲ್ಲಿ ಹೇಳುವವರೇ ಇಲ್ಲ. ಬಾಗಿಲು ಇಟ್ಟು, ಬೀಗ ಹಾಕಿ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಹೇಳದೆ, ಹೊರಗೆ ನಿಂತವಳಿಗೆ ಯಾಕೆ ಒಳಗೆ ಬರಲಿಲ್ಲ ಅಂತ ನೋಟಿಸ್ ಕೊಟ್ಟ ಹಾಗಿದೆ ಇದು.

ಇನ್ನು 'ಪರೋಕ್ಷವಾಗಿ' ಅನ್ನುವ ಪದ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನೋಟಿಸ್ ಬಂದ ದಿನ ಸಂಜೆ ಬಸ್ಸಲ್ಲಿ ನನಗೆ ಸಮಾಧಾನ ಹೇಳಿದವರೆಲ್ಲ ಒಂದೇ ಮಾತು ಹೇಳಿದರು. 'ನಿಮ್ಮ ಯಜಮಾನರ ಹೆಸರಲ್ಲಿ ಮಾಡಿಸಬಾರದಿತ್ತೇನ್ರೀ?' ಹೇಳಿದವರಲ್ಲಿ ಒಬ್ಬರ ಹೆಂಡತಿಯ ಹೆಸರಲ್ಲಿ ವಿಮಾ ಏಜೆನ್ಸಿ ಇದೆ, ಪಾಲಿಸಿ ಮಾಡಿಸುವುದು ಇವರೇ, ಅದೂ ಸಂಬಳದ ದಿನವೇ ಬರುತ್ತಾರೆ. ಇನ್ನೊಬ್ಬರ ತಮ್ಮನ ಹೆಸರಲ್ಲಿ ಸಾಗರದ ಕಡೆ ಹೋಂ ಸ್ಟೇ ಇದೆ, ಮಳೆಗಾಲದಲ್ಲಿ ಜೋಗ ನೋಡಲು ಬರುವವರ ಫೋನೆಲ್ಲ ಇವರ ಮೊಬೈಲಿಗೇ ಬರುತ್ತದೆ. ಮತ್ತೊಬ್ಬರ ಮಾವನ ಹೆಸರಲ್ಲಿ ಎರಡು ಟ್ಯಾಕ್ಸಿ. ನಾನು ಯಾರನ್ನೂ ಹಿಡಿದುಕೊಡುತ್ತಿಲ್ಲ, ಅದರಲ್ಲಿ ಬಹಳ ಜನ ಒಳ್ಳೆಯ ಕೆಲಸಗಾರರು, ಫೈಲು ಬಾಕಿ ಇಟ್ಟವರಲ್ಲ. ಆದರೆ ನಿಯಮವನ್ನು ಅಕ್ಷರಕ್ಕೆ ಅಕ್ಷರ ಓದಿದರೆ ಇದೆಲ್ಲ 'ಪರೋಕ್ಷ'ವೇ. ಮನೆಯವರ ವ್ಯಾಪಾರ ಇದ್ದರೆ ಅದನ್ನು ಕಚೇರಿಗೆ ತಿಳಿಸಬೇಕು ಅಂತಲೂ ಇದೆ. ನನಗೆ ಗೊತ್ತಿರುವ ಮಟ್ಟಿಗೆ ನಮ್ಮಲ್ಲಿ ಯಾರೂ ತಿಳಿಸಿಲ್ಲ. ತಿಳಿಸಿದರೆ ಏನಾಗುತ್ತದೆ ಅಂತ ಈಗ ನನ್ನನ್ನು ನೋಡಿ ಎಲ್ಲರಿಗೂ ಗೊತ್ತಾಗಿದೆ. ಇನ್ನು ಹತ್ತು ವರ್ಷ ಯಾರೂ ಅರ್ಜಿ ಕೊಡುವುದಿಲ್ಲ ಬಿಡಿ.

ನನ್ನ ಗಂಡನ ಹೆಸರಲ್ಲಿ ನೋಂದಣಿ ಮಾಡಿಸಿದ್ದರೆ ನಾನು ಪ್ರಾಮಾಣಿಕ ನೌಕರಳಾಗಿ ಉಳಿಯುತ್ತಿದ್ದೆ. ಅವರಿಗೆ ಉಪ್ಪಿನಕಾಯಿಗೆ ಉಪ್ಪು ಎಷ್ಟು ಹಾಕಬೇಕು ಅಂತಲೂ ಗೊತ್ತಿಲ್ಲ.

ಅಧ್ಯಾಪಕರ ವಿಷಯ ಎತ್ತಿದರೆ ನಮ್ಮನ್ನು ಹೊಟ್ಟೆಕಿಚ್ಚಿನವರು ಅನ್ನುತ್ತಾರೆ. ಆದರೂ ಎತ್ತಲೇಬೇಕು. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಾವಳಿಯಲ್ಲಿ ಅಧ್ಯಾಪಕರ ಸಂಶೋಧನಾ ಅಂಕಗಳ ಪಟ್ಟಿ ಇದೆ, ಅದರಲ್ಲಿ ಸಲಹಾ ಕೆಲಸಕ್ಕೆ 3 ಅಂಕ ಇದೆ. ಅಂದರೆ ಅವರು ಹೊರಗಿನ ಸಂಸ್ಥೆಗೆ ಕೆಲಸ ಮಾಡಿಕೊಟ್ಟರೆ ಬಡ್ತಿಗೆ ಸಹಾಯವಾಗುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ನವೋದ್ಯಮ ನೀತಿ ತಂದಿತು, ಅದರ ಹೆಸರಲ್ಲೇ ವಿದ್ಯಾರ್ಥಿಗಳಿಗೆ ಮತ್ತು ಅಧ್ಯಾಪಕರಿಗೆ ಅಂತ ಇದೆ. ಅವರಿಗೂ ಅನುಮತಿ ಬೇಕು, ಬಂದ ಹಣದಲ್ಲಿ ಸಂಸ್ಥೆಗೂ ಪಾಲು ಕೊಡುವ ಪದ್ಧತಿ ಹಲವು ಕಡೆ ಇದೆ, ಅದೆಲ್ಲ ಸರಿ. ನಾನು ಅದನ್ನು ತೆಗೆಯಿರಿ ಅನ್ನುತ್ತಿಲ್ಲ. ಅವರಿಗೆ ದಾರಿ ಇದೆ, ಫಾರಂ ಇದೆ, ಸಮಿತಿ ಇದೆ. ಹೋದ ವರ್ಷ ಕ್ಯಾಂಪಸ್ಸಿನಲ್ಲೇ ಮಹಿಳಾ ದಿನಕ್ಕೆ ಉದ್ಯಮಶೀಲತೆ ಬಗ್ಗೆ ಕಾರ್ಯಾಗಾರ ಆಯಿತು. ಹೆಣ್ಣುಮಕ್ಕಳು ಮನೆಯಲ್ಲೇ ಸಣ್ಣ ಆಹಾರ ಉದ್ಯಮ ಹೇಗೆ ಶುರು ಮಾಡಬೇಕು ಅಂತ ಒಬ್ಬರು ಬಂದು ಒಂದೂವರೆ ಗಂಟೆ ಭಾಷಣ ಮಾಡಿದರು. ಸಭಾಂಗಣ ತುಂಬಿಲ್ಲ ಅಂತ ನಮ್ಮನ್ನೆಲ್ಲ ಕರೆಸಿ ಕೂರಿಸಿದಿರಿ. ಹೊರಗೆ ಸ್ವಸಹಾಯ ಸಂಘದವರ ಮಳಿಗೆಯಲ್ಲಿ ಉಪ್ಪಿನಕಾಯಿಯೂ ಇತ್ತು, ಸ್ವಲ್ಪ ಉಪ್ಪು ಜಾಸ್ತಿ. ಆ ಕಾರ್ಯಕ್ರಮದ ಊಟ, ಕುರ್ಚಿ, ಶಾಮಿಯಾನದ ಬಿಲ್ಲು ಪಾಸು ಮಾಡಿದ್ದು ನಾನೇ.

ಇಷ್ಟೂ ನನ್ನ ಕಥೆ. ಇದು ನನ್ನೊಬ್ಬಳದ್ದೇ ಆಗಿದ್ದರೆ ನೋಟಿಸಿಗೆ ಎರಡು ಸಾಲು ಕ್ಷಮಾಪಣೆ ಬರೆದು ಕೊಟ್ಟು ಭರಣಿ ತೊಳೆದಿಡುತ್ತಿದ್ದೆ. ನನಗೆ ಸಂಬಳ ಇದೆ. ಏಳನೇ ವೇತನ ಆಯೋಗ ಬಂದ ಮೇಲೆ 2024ರ ಆಗಸ್ಟಿನಿಂದ ಕನಿಷ್ಠ ಮೂಲವೇತನವೇ 17,000ದಿಂದ 27,000 ಆಯಿತು, ಹಸಿವಿನ ಮಾತು ಆಡಿದರೆ ನಾಲಿಗೆ ಸುಡುತ್ತದೆ. ನಿಶ್ಚಿತ ಪಿಂಚಣಿ ಇಲ್ಲ, ಅದು ನಿಜ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರೆಲ್ಲ ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ ಯೋಜನೆ. ತಿಂಗಳು ತಿಂಗಳು ಶೇ. 10 ಹಿಡಿಯುತ್ತಾರೆ, ಕೊನೆಗೆ ಎಷ್ಟು ಬರುತ್ತದೆ ಅಂತ ಮಾರುಕಟ್ಟೆ ಹೇಳಬೇಕು. ಆ ಭಯಕ್ಕೂ ಜನ ಕೈಗೊಂದು ಕೆಲಸ ಹುಡುಕಿಕೊಳ್ಳುತ್ತಾರೆ.

ನನ್ನನ್ನು ಈ ಪತ್ರ ಬರೆಯಲು ಕೂರಿಸಿದ್ದು ಗೇಟಿನ ಹತ್ತಿರ ನಡೆದ ಒಂದು ಸಂಗತಿ.

ನನಗೆ ನೋಟಿಸ್ ಕೊಟ್ಟ ಮೇಲೆ ನೀವು ಒಂದು ಸುತ್ತೋಲೆ ಹೊರಡಿಸಿದಿರಿ. 'ಎಲ್ಲ ಬೋಧಕೇತರ ಸಿಬ್ಬಂದಿ, ಹೊರಗುತ್ತಿಗೆ ನೌಕರರೂ ಸೇರಿದಂತೆ, ಯಾವುದೇ ಹೊರಗಿನ ಉದ್ಯೋಗ ಅಥವಾ ವ್ಯಾಪಾರದಲ್ಲಿ ತೊಡಗಿಲ್ಲ ಎಂದು ಮುಚ್ಚಳಿಕೆ ಬರೆದುಕೊಡತಕ್ಕದ್ದು.' ಅದನ್ನು ಕಾವಲುಗಾರರ ಹಾಜರಾತಿ ಪುಸ್ತಕದ ಪಕ್ಕ ಅಂಟಿಸಿದರು. ಹಾಸ್ಟೆಲ್ ಅಡುಗೆಮನೆಯಲ್ಲೂ ಅಂಟಿಸಿದರು.

ಆ ಗೇಟಿನಲ್ಲಿ ಕೂರುವ ಅಣ್ಣ ಒಬ್ಬರು ತೀರ್ಥಹಳ್ಳಿ ಕಡೆಯವರು. ಏಜೆನ್ಸಿ ಮೂಲಕ ಒಂಬತ್ತು ವರ್ಷದಿಂದ ಇದ್ದಾರೆ. ಅಷ್ಟರಲ್ಲಿ ಏಜೆನ್ಸಿ ಮೂರು ಸಲ ಬದಲಾಯಿತು, ಮನುಷ್ಯ ಬದಲಾಗಲಿಲ್ಲ, ಪ್ರತಿ ಸಲ ಹೊಸದಾಗಿ ಸೇರಿದ ಹಾಗೆ ಲೆಕ್ಕ. ಅವರಿಗೆ ಊರಲ್ಲಿ ಅರ್ಧ ಎಕರೆ ಅಡಿಕೆ ತೋಟ ಇದೆ. ಎಲೆಚುಕ್ಕಿ ರೋಗ ಬಂದು ಮರಗಳೆಲ್ಲ ಸುಟ್ಟ ಹಾಗೆ ನಿಂತಿವೆ, ಔಷಧಿ ಹೊಡೆಸಿದ ಖರ್ಚೂ ಹುಟ್ಟಲಿಲ್ಲ. ಈಗ ಕೊಯ್ಲಿನ ಕಾಲ. ಅವರ ಪಾಳಿ ಮುಗಿದ ಮೇಲೆ ದೊಡ್ಡ ತೋಟದವರ ಮನೆಯಲ್ಲಿ ರಾತ್ರಿ ಹತ್ತರ ತನಕ ಅಡಿಕೆ ಸುಲಿಯಲು ಹೋಗುತ್ತಾರೆ, ಗಂಡ ಹೆಂಡತಿ ಇಬ್ಬರೂ. ಸುಲಿದಷ್ಟಕ್ಕೆ ದುಡ್ಡು. ಮೆಟ್ಟುಗತ್ತಿ ಮುಂದೆ ಕೂತು ಕೂತು ಬೆರಳೆಲ್ಲ ಚೊಗರು ಹಿಡಿದು ಕಪ್ಪಾಗಿರುತ್ತದೆ, ಬೆಳಿಗ್ಗೆ ಬೆರಳಚ್ಚಿನ ಯಂತ್ರ ಅವರನ್ನು ಗುರುತೇ ಹಿಡಿಯುವುದಿಲ್ಲ. ನಾಲ್ಕು ಸಲ ಒತ್ತುತ್ತಾರೆ.

ಆ ಅಣ್ಣ ನನ್ನನ್ನು ನಿಲ್ಲಿಸಿ ಕೇಳಿದರು. 'ಅಕ್ಕಾ, ಇದಕ್ಕೆ ಸಹಿ ಹಾಕಿದ್ರೆ ಅಡಿಕೆ ಸುಲಿಯಂಗಿಲ್ವಾ?'

ನನಗೆ ಉತ್ತರ ಹೇಳಲು ಬರಲಿಲ್ಲ. ಹದಿನೇಳು ವರ್ಷ ಆಫೀಸಿನಲ್ಲಿ ಇದ್ದವಳು. ಹೋದ ವರ್ಷ ದೀಪಾವಳಿಗೆ ಬೋನಸ್ ಕೇಳಿದಾಗ ನೀವು ಅವರಿಗೆ ಏನು ಹೇಳಿದಿರಿ ಅಂತ ನನಗೆ ನೆನಪಿದೆ. 'ನೀವು ವಿಶ್ವವಿದ್ಯಾಲಯದ ನೌಕರರಲ್ಲ, ಏಜೆನ್ಸಿಯವರನ್ನು ಕೇಳಿ.' ಆ ಪತ್ರ ನಾನೇ ಕಡತದಲ್ಲಿ ನೋಡಿದ್ದೇನೆ. ಹಾಗಾದರೆ ಮುಚ್ಚಳಿಕೆಗೆ ಮಾತ್ರ ಅವರು ನಿಮ್ಮವರು ಹೇಗಾದರು? ಕೊಡುವಾಗ ಏಜೆನ್ಸಿಯ ಮಕ್ಕಳು, ಕಟ್ಟಿಹಾಕುವಾಗ ನಮ್ಮ ಮನೆ ಮಕ್ಕಳು. ಸರ್ಕಾರಿ ನೌಕರನಿಗೆ ಹೊರಗೆ ದುಡಿಯಬೇಡ ಅನ್ನುವುದಕ್ಕೆ ಒಂದು ನ್ಯಾಯ ಇದೆ. ಕೆಲಸ ಕಾಯಂ, ರಜೆ ಇದೆ, ಸಂಬಳ ಇದೆ, ಆದ್ದರಿಂದ ನಿನ್ನ ನಿಷ್ಠೆ ನಮಗೆ ಅನ್ನುವ ಒಪ್ಪಂದ ಅದು. ಇವರಿಗೆ ಆ ಒಪ್ಪಂದದ ಒಂದು ಕಡೆಯೂ ಸಿಕ್ಕಿಲ್ಲ. ಒಂದು ದಿನ ಬರದಿದ್ದರೆ ಆ ದಿನದ ಕೂಲಿ ಕಟ್. ಹಾಗಿರುವವರ ಹತ್ತಿರ ಇಪ್ಪತ್ತನಾಲ್ಕು ಗಂಟೆಯ ನಿಷ್ಠೆ ಬರೆಸಿಕೊಳ್ಳುವುದು ಅನ್ಯಾಯ. ಇದನ್ನು ಇನ್ನೂ ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ಒಂದು ವಾದ ನಾನು ಒಪ್ಪುತ್ತೇನೆ. ರಾತ್ರಿಯೆಲ್ಲ ದುಡಿದವನು ಹಗಲು ಗೇಟಲ್ಲಿ ತೂಕಡಿಸಿದರೆ ಕಷ್ಟ. 1948ರ ಕಾರ್ಖಾನೆಗಳ ಕಾಯ್ದೆಯಲ್ಲೂ ಒಂದು ಕಾರ್ಖಾನೆಯಲ್ಲಿ ದುಡಿದ ದಿನವೇ ಇನ್ನೊಂದರಲ್ಲಿ ದುಡಿಸಬಾರದು ಅಂತ ಹಾಕಿದ್ದರು, ದಣಿದ ಕೈ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ ಅಂತ. ಆದರೆ ತೂಕಡಿಸಿದರೆ ತೂಕಡಿಸಿದ್ದಕ್ಕೆ ಕೇಳಿ. ಸುಲಿದಿದ್ದಕ್ಕೆ ಕೇಳಬೇಡಿ. ಅದೇ ಗೇಟಲ್ಲಿ ರಾತ್ರಿಯೆಲ್ಲ ಮೊಬೈಲ್ ನೋಡಿ ಹಗಲು ತೂಕಡಿಸುವವರೂ ಇದ್ದಾರೆ, ಅವರಿಂದ ಯಾವ ಮುಚ್ಚಳಿಕೆಯೂ ಇಲ್ಲ.

ಗ್ರಂಥಾಲಯದ ಅಟೆಂಡರ್ ಒಬ್ಬರದ್ದು ಇನ್ನೊಂದು ಬಗೆ. ಅವರು ಬಡಗುತಿಟ್ಟು ಯಕ್ಷಗಾನದ ಮದ್ದಲೆಗಾರರು. ಸುಗ್ಗಿ ಕಾಲದಲ್ಲಿ ಹರಕೆ ಆಟ, ಮಳೆಗಾಲದಲ್ಲಿ ತಾಳಮದ್ದಲೆ. ಒಂದು ರಾತ್ರಿಗೆ ಸಂಭಾವನೆ ಕೊಡುತ್ತಾರೆ, ಪೆಟ್ರೋಲಿಗೆ ಸರಿಹೋಗುತ್ತದೆ. 'ಆಗಾಗ ಮಾಡುವ ಕಲೆಯ ಕೆಲಸ'ಕ್ಕೆ ನಿಯಮದಲ್ಲೇ ವಿನಾಯಿತಿ ಇದೆಯಲ್ಲ ಅಂತ ನಾನು ಧೈರ್ಯ ಹೇಳಿದೆ. ಅವರು ಕೇಳಿದರು, ಆಗಾಗ ಅಂದರೆ ಎಷ್ಟು? ವರ್ಷಕ್ಕೆ ಮೂರು ಆಟವೋ ಮೂವತ್ತು ಆಟವೋ? ವಾರ್ಷಿಕೋತ್ಸವಕ್ಕೆ ನೀವೇ ಅವರನ್ನು ಕರೆದು ವೇದಿಕೆ ಮೇಲೆ ಶಾಲು ಹೊದಿಸಿದಿರಿ, 'ನಮ್ಮ ಸಿಬ್ಬಂದಿಯ ಪ್ರತಿಭೆ' ಅಂದಿರಿ. ಈಗ ಅವರಿಗೆ ಆ ಫೋಟೋ ಮನೆಯ ಗೋಡೆಯಿಂದ ತೆಗೆಯಬೇಕಾ ಅಂತ ಅನುಮಾನ.

ಎಲ್ಲದಕ್ಕೂ ಅನುಮತಿ ಕೊಟ್ಟುಬಿಡಿ ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಕೆಲವನ್ನು ಖಂಡಿತ ನಿಲ್ಲಿಸಬೇಕು, ಅದರಲ್ಲಿ ನಾನು ನಿಮಗಿಂತ ಕಟ್ಟುನಿಟ್ಟು. ಪರೀಕ್ಷಾ ವಿಭಾಗದಲ್ಲಿ ಕೂತವರು ಹೊರಗೆ ಟ್ಯೂಷನ್ ನಡೆಸಬಾರದು, ಅವರ ಮನೆಯವರು ನಡೆಸುತ್ತಿದ್ದರೆ ಅವರನ್ನು ಆ ವಿಭಾಗದಲ್ಲಿ ಕೂರಿಸಬಾರದು. ಖರೀದಿ ನೋಡುವವರ ಬಂಧುಗಳು ಟೆಂಡರ್ ಹಾಕಬಾರದು. ಪಿಎಚ್‌ಡಿ ಪ್ರಬಂಧಗಳ ಡಿಟಿಪಿ ಕೆಲಸ ಇದೆಯಲ್ಲ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಯೂನಿಕೋಡಿಗೆ ಬದಲಿಸಿ ಒತ್ತಕ್ಷರ ತಿದ್ದಿ ಕೊಡುವುದು, ಅದನ್ನು ನಮ್ಮವರೇ ಸಂಜೆ ಮಾಡುತ್ತಾರೆ. ಬರೀ ಟೈಪಿಂಗ್ ಆದರೆ ನನಗೆ ತಕರಾರಿಲ್ಲ, ಅದು ಕಣ್ಣು ಹೋಗುವ ಕೆಲಸ. ಆದರೆ ಆ ಪ್ರಬಂಧ ನಾಳೆ ಬಂದು ಬೀಳುವುದು ಅವರದೇ ಟೇಬಲ್ಲಿಗಾದರೆ, ಯಾರ ಹತ್ತಿರ ಟೈಪ್ ಮಾಡಿಸಿದರೆ ಫೈಲು ಬೇಗ ಹೋಗುತ್ತದೆ ಅಂತ ವಿದ್ಯಾರ್ಥಿಗಳು ಲೆಕ್ಕ ಹಾಕಲು ಶುರು ಮಾಡುತ್ತಾರೆ. ಮಾಡುತ್ತಿದ್ದಾರೆ ಕೂಡ. ನಿಮ್ಮ ಸುತ್ತೋಲೆಯಲ್ಲಿ ಇದರ ಬಗ್ಗೆ ಒಂದು ಪದವೂ ಇಲ್ಲ. ಅಡಿಕೆ ಸುಲಿಯುವವರೂ ಪ್ರಬಂಧ ಟೈಪ್ ಮಾಡುವವರೂ ಅದರಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದಾರೆ.

ನನ್ನ ತಪ್ಪು ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಆಫೀಸಿಗೆ ಬಾಟಲಿ ತಂದು ಟೇಬಲ್ ಕೆಳಗೆ ಇಟ್ಟು ಕೊಟ್ಟಿದ್ದೇನೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ ತನಕ ಆ ಟೇಬಲ್ ನನ್ನದಲ್ಲ. ಇದಕ್ಕೆ ನೋಟಿಸ್ ಕೊಟ್ಟಿದ್ದರೆ ಬಾಯಿ ಮುಚ್ಚಿಕೊಂಡು ತಪ್ಪಾಯಿತು ಅಂತ ಬರೆದುಕೊಡುತ್ತಿದ್ದೆ.

ಬೇರೆಯವರು ಏನು ಮಾಡಿದ್ದಾರೆ ಅಂತ ನೋಡೋಣ. 2022ರಲ್ಲಿ ಐಟಿ ಕಂಪನಿಗಳಲ್ಲಿ ಇದೇ ಜಗಳ ಆಯಿತು, ಪೇಪರಲ್ಲೆಲ್ಲ ಬಂತು. ವಿಪ್ರೋ 300 ಜನರನ್ನು ತೆಗೆಯಿತು, ಅವರು ಎದುರಾಳಿ ಕಂಪನಿಗೇ ದುಡಿಯುತ್ತಿದ್ದರು ಅಂತ. ಇನ್ಫೋಸಿಸ್ ಮೊದಲು ಕಟುವಾಗಿ ಎಚ್ಚರಿಕೆ ಕೊಟ್ಟಿತು, ಒಂದು ತಿಂಗಳು ಕಳೆದ ಮೇಲೆ ಮ್ಯಾನೇಜರ್ ಮತ್ತು ಎಚ್‌ಆರ್ ಒಪ್ಪಿಗೆ ಪಡೆದು, ಕಂಪನಿಯ ಹಿತಕ್ಕೆ ಅಡ್ಡಿ ಬಾರದ ಸಣ್ಣಪುಟ್ಟ ಕೆಲಸ ಮಾಡಬಹುದು ಅಂತ ದಾರಿ ತೋರಿಸಿತು. ಲಾಭಕ್ಕೆ ಅಂತಲೇ ಇರುವ ಕಂಪನಿಗೆ ಅದು ಸಾಧ್ಯವಾದರೆ ವಿದ್ಯೆಗೆ ಅಂತ ಇರುವ ನಮಗೆ ಯಾಕೆ ಆಗುವುದಿಲ್ಲ? ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರಿಗೆ ವಾರಕ್ಕೊಂದು ದಿನ ಹೊರಗಿನ ಸಲಹಾ ಕೆಲಸಕ್ಕೆ ಬಿಡುತ್ತಾರೆ. ಬೋಧಕೇತರರಿಗೆ ಆ ದಿನ ಇಲ್ಲ, ಆದರೆ ಬೇರೆ ಕ್ರಮ ಇದೆ. ಏನು ಕೆಲಸ ಅಂತ ಮೇಲಧಿಕಾರಿಗೆ ಬರೆದು ತಿಳಿಸಬೇಕು, ಕೆಲಸದ ವೇಳೆಯಲ್ಲಿ ಮಾಡಬಾರದು, ಸಂಸ್ಥೆಯ ಕಂಪ್ಯೂಟರ್, ಹೆಸರು ಬಳಸಬಾರದು, ಸಂಸ್ಥೆಯ ವ್ಯವಹಾರಕ್ಕೆ ಅಡ್ಡ ಬರುವಂತಿದ್ದರೆ ಒಪ್ಪಿಗೆ ಇಲ್ಲ. ಅಷ್ಟೇ. ನಮ್ಮ ಕಾನೂನು ಬೇರೆ, ಅವರದ್ದು ಬೇರೆ, ಗೊತ್ತು. ಆದರೆ ಬರೆದು ಕೇಳಿದವರಿಗೆ ಬರೆದು ಉತ್ತರ ಕೊಡುವುದಕ್ಕೆ ನಮ್ಮ ಕಾನೂನೂ ಅಡ್ಡ ಬರುವುದಿಲ್ಲ.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಒಂದು ಪುಟದ ಫಾರಂ ಮಾಡಿ. ಏನು ಕೆಲಸ, ಎಲ್ಲಿ, ಯಾವ ಹೊತ್ತಿಗೆ, ವರ್ಷಕ್ಕೆ ಅಂದಾಜು ಎಷ್ಟು ಬರುತ್ತದೆ, ವಿಶ್ವವಿದ್ಯಾಲಯದ ಜೊತೆ ಆ ಕೆಲಸಕ್ಕೆ ಏನಾದರೂ ಸಂಬಂಧ ಇದೆಯಾ ಅಂತ ಕೇಳಿ. ಹೇಗೂ ವರ್ಷಕ್ಕೊಮ್ಮೆ ಆಸ್ತಿ ಮತ್ತು ಹೊಣೆಗಾರಿಕೆ ಪಟ್ಟಿ ಕೊಡುತ್ತೇವೆ, ಅದರ ಹಿಂದೆ ಇದೂ ಒಂದು ಹಾಳೆ ಇರಲಿ. 30 ದಿನದಲ್ಲಿ ಹೌದು ಅಥವಾ ಇಲ್ಲ ಅನ್ನಿ, ಇಲ್ಲ ಅಂದರೆ ಯಾಕೆ ಅಂತ ಒಂದು ಸಾಲು ಬರೆಯಿರಿ. ಹಿಂದೆ ಮುಚ್ಚಿಟ್ಟವರಿಗೆ ಒಂದು ಅವಕಾಶ ಕೊಡಿ, ಮೂರು ತಿಂಗಳಲ್ಲಿ ತಿಳಿಸಿದರೆ ಕ್ರಮ ಇಲ್ಲ ಅಂತ. ಎಷ್ಟು ಜನ ಬರುತ್ತಾರೆ ಅಂತ ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ. ಹೊರಗುತ್ತಿಗೆಯವರ ಮುಚ್ಚಳಿಕೆ ಮಾತ್ರ ಇವತ್ತೇ ವಾಪಸ್ ತೆಗೆಯಿರಿ, ಅದಕ್ಕೆ ಸಮಿತಿ ಬೇಡ, ಸಿಂಡಿಕೇಟ್ ಸಭೆಯೂ ಬೇಡ. ಅಂಟಿಸಿದವರಿಗೆ ಒಂದು ಫೋನ್ ಮಾಡಿದರೆ ಸಾಕು.

ನನ್ನ ನೋಟಿಸಿಗೆ ಉತ್ತರ ಕೊಡಲು ಇನ್ನು ನಾಲ್ಕು ದಿನ ಇದೆ, ಕೊಡುತ್ತೇನೆ. ಈ ವರ್ಷ ಮಾಡಬೇಕೋ ಬೇಡವೋ ಅಂತ ಅಮ್ಮ ದಿನಾ ಫೋನ್ ಮಾಡಿ ಕೇಳುತ್ತಿದ್ದಾರೆ. ಶಿವರಾತ್ರಿ ಹೊತ್ತಿಗೆ ಮಿಡಿ ಬರುತ್ತದೆ, ಮರ ಹತ್ತುವವರಿಗೆ ಈಗಲೇ ಮುಂಗಡ ಕೊಡಬೇಕು. ಅಷ್ಟರೊಳಗೆ ಒಂದು ಉತ್ತರ ಬಂದರೆ ಉಪಕಾರವಾಗುತ್ತದೆ, ಬೇಡ ಅನ್ನುವ ಉತ್ತರವಾದರೂ ಸರಿ.

ಇನ್ನೊಂದು ವಿಷಯ. ನೋಟಿಸ್ ಟೈಪ್ ಮಾಡಿದ ವಿಭಾಗದವರೊಬ್ಬರು ಹೋದ ಜೂನಿನಲ್ಲಿ ನನ್ನಿಂದ ಎರಡು ಬಾಟಲಿ ತೆಗೆದುಕೊಂಡಿದ್ದರು, ಒಂದು ಅವರಿಗೆ, ಒಂದು ಅವರ ಸಾಹೇಬರಿಗೆ. ದುಡ್ಡು ಇನ್ನೂ ಬಂದಿಲ್ಲ. ಈಗ ಕೇಳಿದರೆ ಅದೂ ವ್ಯಾಪಾರಕ್ಕೆ ಸಾಕ್ಷಿ ಆಗುತ್ತದೇನೋ ಅಂತ ಸುಮ್ಮನಿದ್ದೇನೆ.

ಇಂತಿ,
ನಿಮ್ಮದೇ ಕಚೇರಿಯ ಒಬ್ಬ ಪ್ರಥಮ ದರ್ಜೆ ಸಹಾಯಕಿ
ಶಿವಮೊಗ್ಗ